ಮಂತ್ರಿಯ ಮನೆಯ ಲೆಕ್ಕ

ಅಕ್ಟೋಬರ್ 2ನೆಯ ತಾರೀಖು ಬಂತೆಂದರೆ ಕಛೇರಿ ಕಛೇರಿಗಳಲ್ಲಿ ಗಾಂಧೀಜಿಯವರ ಪಟದ ಪಕ್ಕದಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಗಳ ಪಟವನ್ನೂ ಇಟ್ಟು ಹಾರ ಹಾಕುತ್ತಾರೆ. ಶಾಸ್ತ್ರಿಗಳ ಸರಳತೆಯನ್ನು ಕುರಿತು ಮಂತ್ರಿಮಹೋದಯರು ಭಾಷಣ ಬಿಗಿಯುತ್ತಾರೆ. ಆ ಸರಳತೆಯಲ್ಲಿ ಸಂಸಾರ ತೂಗಿಸಿದ ಹೆಣ್ಣುಮಗಳ ಹೆಸರನ್ನು ಮಾತ್ರ ಯಾರೂ ಎತ್ತುವುದಿಲ್ಲ. ಶಾಸ್ತ್ರಿಗಳ ಪಕ್ಷ ನಮ್ಮ ಪಕ್ಷವಲ್ಲ. ಆದರೂ 1993ರ ಏಪ್ರಿಲ್ 13ರಂದು ತೀರಿಕೊಂಡ ಶ್ರೀಮತಿ ಲಲಿತಾ ಶಾಸ್ತ್ರಿಯವರನ್ನು ಕುರಿತು ನಾಲ್ಕು ಮಾತು ಬರೆಯುವುದು ನಮ್ಮ ಕರ್ತವ್ಯವೆಂದು ತಿಳಿದಿದ್ದೇವೆ.

1928ರಲ್ಲಿ ಅವರ ಮದುವೆಯಾಯಿತು. ವರ ಕೇಳಿದ ವರದಕ್ಷಿಣೆ ಒಂದು ಚರಕ ಮತ್ತು ಕೆಲವು ಗಜ ಖಾದಿ. ಮುಂದೆ ಗಂಡ ಪದೇ ಪದೇ ಸೆರೆಮನೆಗೆ. ಹೆಂಡತಿ ಮಕ್ಕಳೊಡನೆ ಮನೆಯಲ್ಲಿ. ಲೋಕ ಸೇವಕ ಮಂಡಲದಿಂದ ತಿಂಗಳಿಗೆ 50 ರೂಪಾಯಿ ಬರುತ್ತಿತ್ತು. ಖರ್ಚಿಗೆ ಸಾಲುತ್ತದೆಯೇ ಎಂದು ಶಾಸ್ತ್ರಿಗಳು ಜೈಲಿನಿಂದ ಕೇಳಿದರಂತೆ. 40ರಲ್ಲಿ ಸಾಗುತ್ತದೆ, 10 ಉಳಿಸುತ್ತಿದ್ದೇನೆ ಎಂದು ಈಕೆ ಉತ್ತರ ಬರೆದರು. ಕೂಡಲೇ ಶಾಸ್ತ್ರಿಗಳು, ತಮ್ಮ ಮನೆಗೆ 40 ಸಾಕು, ಮಿಕ್ಕದ್ದನ್ನು ಕಷ್ಟದಲ್ಲಿರುವ ಬೇರೆಯವರಿಗೆ ಕೊಡಿ ಎಂದು ಮಂಡಲಕ್ಕೆ ಬರೆದುಬಿಟ್ಟರು!

ಭಾಷಣಕಾರರು ಈ ಕಥೆ ಹೇಳಿ ಚಪ್ಪಾಳೆ ಗಿಟ್ಟಿಸುತ್ತಾರೆ. ಗಿರಣಿ ಕೆಲಸಗಾರರು ಇದನ್ನು ಬೇರೆ ರೀತಿ ಕೇಳಿಸಿಕೊಂಡಾರು. ಮೈಮುರಿದು ಹೆಚ್ಚು ಕೆಲಸ ತೋರಿಸಿದವನಿಗೆ ದರ ಇಳಿದ ಅನುಭವ ಅವರಿಗುಂಟು. ಶಾಸ್ತ್ರಿಗಳು ಮಾಲೀಕರಲ್ಲ, ಅವರ ಮನಸ್ಸು ದೊಡ್ಡದು, ಒಪ್ಪಿದೆವು. ಆದರೆ ಆ 10 ರೂಪಾಯಿ ಉಳಿದದ್ದು ಯಾರ ತಟ್ಟೆಯಿಂದ? ಲೋಕ ಅದನ್ನು ಗಂಡನ ತ್ಯಾಗದ ಖಾತೆಗೆ ಜಮಾ ಮಾಡಿತು. ನಾವೂ ಸಾಚಾ ಅಲ್ಲ. ಸಭೆ ಮುಗಿಸಿ ನಾಲ್ಕು ಜನರನ್ನು ಊಟಕ್ಕೆ ಕರೆದೊಯ್ಯುವಾಗ ಮನೆಯ ಹಿಟ್ಟಿನ ಡಬ್ಬಿ ನೋಡಿ ಕರೆದವರಲ್ಲ.

1956ರಲ್ಲಿ ಅರಿಯಲೂರಿನ ರೈಲು ಅಪಘಾತವಾದಾಗ ಶಾಸ್ತ್ರಿಗಳು ರೈಲ್ವೆ ಮಂತ್ರಿಪದವಿ ಬಿಟ್ಟರು. 1963ರಲ್ಲಿ ಕಾಮರಾಜ್ ಯೋಜನೆಯಂತೆ ಗೃಹಮಂತ್ರಿ ಪದವಿಯನ್ನೂ ಬಿಟ್ಟರು. ಎರಡು ಸಲವೂ ಸಂಬಳ ನಿಂತ ಮನೆಯನ್ನು ನಡೆಸಿದವರು ಲಲಿತಾದೇವಿಯವರೇ.

ಪ್ರಧಾನಿಯಾಗಿದ್ದಾಗ ಒಂದು ಫಿಯೆಟ್ ಕಾರು ಕೊಂಡರು. ಬೆಲೆ 12,000 ರೂಪಾಯಿ, ಕೈಯಲ್ಲಿದ್ದದ್ದು 7,000. ಉಳಿದ 5,000ಕ್ಕೆ ಪಂಜಾಬ್ ನ್ಯಾಷನಲ್ ಬ್ಯಾಂಕಿನಲ್ಲಿ ಸಾಲ. 1966ರ ಜನವರಿ 11ರಂದು ತಾಷ್ಕೆಂಟಿನಲ್ಲಿ ಶಾಸ್ತ್ರಿಗಳು ತೀರಿಕೊಂಡಾಗ ಆ ಸಾಲ ಹಾಗೆಯೇ ಇತ್ತು. ಲಲಿತಾದೇವಿಯವರು ತಮ್ಮ ಪಿಂಚಣಿಯಿಂದ ಅದನ್ನು ತೀರಿಸಿದರು. ಪ್ರಧಾನಿಯ ವಿಧವೆ ಎಂದು ಮನ್ನಾ ಕೇಳಲಿಲ್ಲ. ಅದೇ ಬ್ಯಾಂಕಿನಲ್ಲಿ 11,000 ಕೋಟಿ ರೂಪಾಯಿಗೂ ಮಿಕ್ಕಿದ ವಜ್ರದ ವ್ಯಾಪಾರಿಗಳ ವಂಚನೆ 2018ರಲ್ಲಿ ಬಯಲಾಯಿತು. ಅಂಗಡಿಗೆ ಅಲ್ಪ ಸಾಲ ಕೇಳಲು ಹೋಗಿ ಜಾಮೀನುದಾರರನ್ನು ಹುಡುಕಿ ಸುಸ್ತಾದ ನಮ್ಮ ವರ್ತಕ ಬಂಧುಗಳು ಈ ಎರಡು ಲೆಕ್ಕಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಲಿ.

ಗಂಡನ ಸಾವಿನ ಬಗ್ಗೆ ಆಕೆಗೆ ಸಂಶಯವಿತ್ತು. ತನಿಖೆಯಾಗಲೆಂದು ಕೇಳಿದರು. ಮರಣೋತ್ತರ ಪರೀಕ್ಷೆ ನಡೆಯಲೇ ಇಲ್ಲ. ಸಂಶಯ ಸರಿಯೋ ತಪ್ಪೋ, ತೀರ್ಪು ಹೇಳಲು ನಾವು ಯಾರು? ಆದರೆ 27 ವರ್ಷ ವಿಧವೆಯಾಗಿ ಬಾಳಿದ ಆಕೆಗೆ ಮನಸ್ಸು ಒಪ್ಪುವ ಉತ್ತರ ಕೊಡಬೇಕೆಂದು ಸರಕಾರಗಳಿಗೆ ತೋರಲಿಲ್ಲ.

ಬರುವ ಅಕ್ಟೋಬರ್ 2ರ ಸಂಜೆ ನಮ್ಮ ಪಕ್ಷದ ಕಛೇರಿಯಲ್ಲಿ ಸಭೆ ಇದೆ. ಲಲಿತಾದೇವಿಯವರ ಪಟವನ್ನೂ ಇಡುತ್ತೇವೆ. ಕಾರ್ಯಕರ್ತರು ಮನೆಯವರನ್ನು ಕರೆತರತಕ್ಕದ್ದು. ಅಂದು ಚಹಾ ಕಾಸಿ ಲೋಟ ತೊಳೆಯುವ ಕೆಲಸ ಗಂಡಸರದು.