ಹೊಳೆ ಅಂಚಿಗೆ ಒಡ್ಡು ಹಾಕಿಸುವ ಮುಂಚೆ ಯೋಚಿಸಿ

ಮೌಳಂಗಿಯಲ್ಲಿ ಕಾಳಿ ಹೊಳೆ ಈಗ ಮಳೆ ನೋಡಿ ಹರಿಯೋದಕ್ಕಿಂತ ಕರೆಂಟ್ ಬೇಡಿಕೆ ನೋಡಿ ಹರಿಯೋದೇ ಹೆಚ್ಚು. ಮೇಲೆ ಗಣೇಶಗುಡಿಯಲ್ಲಿ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ಇದೆ. ಅದಕ್ಕಾಗಿ 1980ರ ದಶಕದಲ್ಲಿ ಸೂಪಾ ಊರೇ ಮುಳುಗಿತು, ಎಷ್ಟೋ ಕುಟುಂಬಗಳು ರಾಮನಗರಕ್ಕೆ ಬಂದವು. ಟರ್ಬೈನ್ ತಿರುಗಿದರೆ ನಮ್ಮಲ್ಲಿ ನೀರು ಏರುತ್ತೆ, ನಿಂತರೆ ಇಳಿಯುತ್ತೆ. ಬೇಸಿಗೆಯಲ್ಲೂ ಪಂಪಿಗೆ ನೀರು ಸಿಗೋದು ಇದರಿಂದಲೇ.

ಹಾಗಾಗಿ ದಂಡೆಯ ಗಿಡಮರ ತೆಗೆದು, ಜೆಸಿಬಿಯಿಂದ ಮಣ್ಣಿನ ಒಡ್ಡು ಹಾಕಿಸಿ, ಅಂಚಿನವರೆಗೂ ಅಡಿಕೆ ಹಚ್ಚೋಣ ಅನ್ನೋ ಮಾತು ನಮ್ಮ ಹುಡುಗರಲ್ಲಿ ಕೇಳ್ತಾ ಇರ್ತೀನಿ. ನನ್ನ ಪ್ರಕಾರ ಇದು ದುಬಾರಿ ತಪ್ಪು.

ಮೊದಲನೆಯದು, ಒಡ್ಡು ಹೊಳೆ ನೀರನ್ನು ತಡೆಯುವ ಮುಂಚೆ ತೋಟದ ಮಳೆನೀರನ್ನೇ ತಡೆಯುತ್ತೆ. ಜುಲೈನಲ್ಲಿ ನೀರು ನಿಂತರೆ ಅಡಿಕೆ ಬೇರಿಗೆ ಉಸಿರಾಟ ಇಲ್ಲ. ಎರಡನೆಯದು, ನೀರು ಏರಿದಾಗ ದಂಡೆ ನೆನೆದು ಭಾರವಾಗುತ್ತೆ. ಸರ್ರನೆ ಇಳಿದಾಗ ಆಸರೆ ತಪ್ಪಿ ಮಣ್ಣು ಕುಸಿಯುತ್ತೆ. ಅದನ್ನು ಹಿಡಿದಿಡೋದು ಹೊಳೆಮತ್ತಿ, ನೇರಳೆ, ಬಿದಿರಿನ ಬೇರು. ಹೊಸ ಒಡ್ಡಿಗೆ ಆ ಬೇರು ಎಲ್ಲಿಂದ ಬರಬೇಕು?

ಅಣೆಕಟ್ಟು ಇದೆ, ನೆರೆ ಬರಲ್ಲ ಅಂತಾನೂ ನಂಬಬೇಡಿ. ಇದೇ ಕಾಳಿಯ ಕೆಳಭಾಗದಲ್ಲಿ, 2019ರ ಆಗಸ್ಟಿನಲ್ಲಿ ಕದ್ರಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ಕಾರವಾರ ತಾಲೂಕಿನ ಹಳ್ಳಿಗಳಿಗೆ ನೀರು ನುಗ್ಗಿತ್ತು.

ನೀರು ತರೋದಷ್ಟೇ ನೀರಾವರಿ ಅಲ್ಲ ಅನ್ನೋದಕ್ಕೆ ತುಂಗಭದ್ರಾ ಕಡೆ ನೋಡಿ. 1953ರಿಂದ ಕಾಲುವೆ ನೀರು ಹರಿದು ಗಂಗಾವತಿ, ಸಿಂಧನೂರು ಭತ್ತದ ಕಣಜವಾದವು. ಆದರೆ ಬಸಿಯೋಕೆ ದಾರಿ ಇಲ್ಲದ ಕಡೆ ಎರೆಭೂಮಿ ಜವಳಾಗಿ, ಉಪ್ಪು ಮೇಲೆ ಬಂತು. ನಮ್ಮ ಮಳೆಗೆ ಉಪ್ಪಿನ ಭಯ ಕಡಿಮೆ, ಆದರೆ ಪಾಠ ಒಂದೇ: ನೀರು ಬರೋ ದಾರಿಗಿಂತ ಮೊದಲು ಹೋಗೋ ದಾರಿ ಮಾಡಿ.

ಒಡ್ಡಿನ ದುಡ್ಡನ್ನು ಹೀಗೆ ಹಾಕಿ:

• ದಂಡೆಯ ಪಟ್ಟಿಯನ್ನು ಗಿಡಮರಕ್ಕೇ ಬಿಡಿ. ಖಾಲಿ ಇದ್ದರೆ ಬಿದಿರು, ಹೊಂಗೆ ಹಚ್ಚಿ.
• ಅಡಿಕೆ ಸಾಲುಗಳ ನಡುವೆ ಬೇರಿನ ಮಟ್ಟಕ್ಕಿಂತ ಆಳವಾಗಿ ಬಸಿಗಾಲುವೆ ತೆಗೆಯಿರಿ, ಮಳೆಗಾಲಕ್ಕೆ ಮುಂಚೆ ಹೂಳು ಎತ್ತಿ.
• ಎತ್ತರದ ಜಾಗದಲ್ಲಿ ಕೃಷಿ ಹೊಂಡ ಮಾಡಿ, ಪಂಪಿನ ಮೇಲಿನ ಅವಲಂಬನೆ ತಗ್ಗಿಸಿ.
• ಹೊಳೆ ತರುತ್ತಿದ್ದ ಮೆಕ್ಕಲು ಬಹುಪಾಲು ಸೂಪಾದಲ್ಲೇ ಕೂರುತ್ತೆ. ಆ ಕೊರತೆಯನ್ನು ಸೊಪ್ಪು, ಕಾಂಪೋಸ್ಟಿನಿಂದ ತುಂಬಿಸಿ.

ದಂಡೆ ಬಿಟ್ಟರೆ ನಾಲ್ಕು ಸಾಲು ಅಡಿಕೆ ಕಡಿಮೆ ಆಗಬಹುದು, ಒಪ್ಪುತ್ತೇನೆ. ದಂಡೆಯೇ ಕುಸಿದರೆ ಹೋಗೋದು ಸಾಲಲ್ಲ, ಜಮೀನು.