ಬೀಳದ ಚೆಂಡಿನ ಲೆಕ್ಕ ಯಾರು ಬರೆಯುತ್ತಾರೆ?

ವಾಲಿಬಾಲ್ ಪಂದ್ಯ ಗೆದ್ದ ಮರುದಿನ ನೋಟಿಸ್ ಬೋರ್ಡಿನಲ್ಲಿ ಸ್ಮ್ಯಾಷ್ ಹೊಡೆದವನ ಫೋಟೊ ಬರುತ್ತದೆ. ಹಿಂದಿನ ಸಾಲಿನಲ್ಲಿ ಮೊಣಕೈ ತರಚಿಕೊಂಡು ಚೆಂಡು ಎತ್ತಿಕೊಟ್ಟವನ ಫೋಟೊ ನಾನಿನ್ನೂ ನೋಡಿಲ್ಲ. ಆ ಹಿಂದಿನ ಸಾಲಿನವನು ನಾನೇ. ಹಾಗಾಗಿ ಸ್ವಲ್ಪ ಹೊಟ್ಟೆಕಿಚ್ಚು ಇದೆ ಎಂದು ಮೊದಲೇ ಒಪ್ಪಿಕೊಳ್ಳುತ್ತೇನೆ. ಆದರೆ ನಾನು ಬರೆಯಹೊರಟಿರುವುದು ನನ್ನ ಬಗ್ಗೆ ಅಲ್ಲ, ಚೆಂಡು ಎತ್ತುವುದನ್ನು ಕಲಿಸುವವರ ಬಗ್ಗೆ. ಅದೂ ಒಂದು ವೃತ್ತಿ, ಅದಕ್ಕೆ ಸಂಬಳ ಇರಬೇಕು ಎಂಬುದು ನನ್ನ ವಾದ.

ಅಮೆರಿಕದ ಕಾಲೇಜುಗಳಲ್ಲಿ ಇದು ನಿಜವಾಗಿಯೂ ಒಂದು ಉದ್ಯೋಗ. ಮುಖ್ಯ ಕೋಚ್ ಕೆಳಗೆ ಸಹಾಯಕ ಕೋಚ್‌ಗಳು ಇರುತ್ತಾರೆ. ಅವರಲ್ಲಿ ಒಬ್ಬರು ರಕ್ಷಣೆಯನ್ನೇ ನೋಡಿಕೊಳ್ಳುತ್ತಾರೆ. ಎದುರಾಳಿಯ ಹಳೆಯ ಪಂದ್ಯಗಳ ವಿಡಿಯೊ ನೋಡುವುದು, ಯಾವ ಹುಡುಗಿ ಯಾವ ಮೂಲೆಗೆ ಹೆಚ್ಚು ಹೊಡೆಯುತ್ತಾಳೆ ಎಂದು ಬರೆದಿಡುವುದು, ನಮ್ಮವರು ಎಲ್ಲಿ ನಿಲ್ಲಬೇಕು ಎಂದು ಹೇಳುವುದು, ದಿನಾ ನೂರಾರು ಸರ್ವಿಸ್ ಎತ್ತಿಸುವುದು ಅವರ ಕೆಲಸ.

ಈ ಕೆಲಸದ ಬೆಲೆ ಏರಿದ್ದಕ್ಕೆ ನಿಯಮಗಳೂ ಕಾರಣ. ಹಿಂದೆ ಸರ್ವಿಸ್ ಮಾಡುವ ತಂಡಕ್ಕೆ ಮಾತ್ರ ಅಂಕ ಸಿಗುತ್ತಿತ್ತು. ಈಗ ಚೆಂಡು ಬಿದ್ದರೆ ಯಾರದೇ ಸರ್ವಿಸ್ ಇರಲಿ, ಅಂಕ ಹೋಯಿತು. 1998ರಲ್ಲಿ ಅಂತರರಾಷ್ಟ್ರೀಯ ಆಟಕ್ಕೆ ಲಿಬೆರೊ ಬಂದ. ಬೇರೆ ಬಣ್ಣದ ಜೆರ್ಸಿ ಹಾಕುವ ಇವನು ಬ್ಲಾಕ್ ಮಾಡುವಂತಿಲ್ಲ, ಸ್ಮ್ಯಾಷ್ ಹೊಡೆಯುವಂತಿಲ್ಲ. ಚೆಂಡು ಎತ್ತುವುದಕ್ಕೇ ಇರುವವನು.

ಎರಿಕ್ ಸಲಿವನ್ 2000 ಮತ್ತು 2004ರ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಲಿಬೆರೊ. ಆಮೇಲೆ ಕಾಲೇಜು ಕೋಚ್ ಆದರು. ಟೆಕ್ಸಾಸ್ ವಿಶ್ವವಿದ್ಯಾಲಯದ ಮಹಿಳಾ ತಂಡ 2012, 2022 ಮತ್ತು 2023ರಲ್ಲಿ ರಾಷ್ಟ್ರೀಯ ಚಾಂಪಿಯನ್ ಆದಾಗ ಅವರು ಅಲ್ಲಿನ ಕೋಚಿಂಗ್ ಬಳಗದಲ್ಲಿದ್ದರು, ಮುಖ್ಯ ಕೋಚ್ ಆಗಿ ಅಲ್ಲ. 2023ರ ಆಗಸ್ಟ್‌ನಲ್ಲಿ ನೆಬ್ರಾಸ್ಕಾ ತಂಡದ ಒಂದು ಪಂದ್ಯ ನೋಡಲು 92,003 ಜನ ಸೇರಿದ್ದರು. ಅದೇ ನೆಬ್ರಾಸ್ಕಾ ಡಿಸೆಂಬರ್‌ನ ಫೈನಲ್‌ನಲ್ಲಿ ಟೆಕ್ಸಾಸ್ ಎದುರು 3-0 ಸೋತಿತು. ಟೆಕ್ಸಾಸ್ ಸರ್ವಿಸ್‌ನಿಂದಲೇ 12 ಏಸ್ ಗಳಿಸಿತು. ಸರ್ವಿಸ್ ಎತ್ತಲು ಆಗದಿದ್ದರೆ ದೊಡ್ಡ ತಂಡವೂ ಏನೂ ಮಾಡಲಾಗದು.

ಅಲ್ಲೂ ಎಲ್ಲ ಸರಿಯಿತ್ತು ಎಂದಲ್ಲ. ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ನಿಯಮದಲ್ಲಿ 'ಸ್ವಯಂಸೇವಕ ಕೋಚ್' ಎಂಬ ಹುದ್ದೆ ಇತ್ತು. ಕೆಲಸ ಉಳಿದ ಕೋಚ್‌ಗಳಷ್ಟೇ, ಸಂಬಳ ಮಾತ್ರ ಇಲ್ಲ. ಎಷ್ಟೋ ಕಿರಿಯ ಕೋಚ್‌ಗಳು ವೃತ್ತಿ ಶುರು ಮಾಡಿದ್ದು ಹೀಗೆ. ಕೆಲವರು ಕೋರ್ಟಿಗೂ ಹೋದರು. 2023ರ ಜುಲೈನಿಂದ ಆ ಹುದ್ದೆಯೇ ರದ್ದಾಯಿತು.

ನಾನು ಕಾಮರ್ಸ್ ವಿದ್ಯಾರ್ಥಿ. ಲಾಭ-ನಷ್ಟ ಖಾತೆಯಲ್ಲಿ ಆದ ನಷ್ಟಕ್ಕೆ ಒಂದು ಸಾಲು ಇದೆ. ಆಗದಂತೆ ತಡೆದ ನಷ್ಟಕ್ಕೆ ಸಾಲಿಲ್ಲ. ಡಿಫೆನ್ಸ್ ಕೋಚ್‌ನ ಕಷ್ಟವೂ ಇದೇ ಎಂದು ನನಗೆ ಅನಿಸುತ್ತದೆ.

ಇದನ್ನು ಮನೆಯಲ್ಲಿ ಹೇಳಿದಾಗ ಅಬ್ಬಾ, "ಚೆಂಡು ಎತ್ತಿದರೆ ರೊಟ್ಟಿ ಸಿಗುತ್ತಾ ಬೇಟಾ?" ಅಂದರು. ಅವರ ಪ್ರಶ್ನೆ ತಪ್ಪಲ್ಲ. ಪದವಿ ಮುಗಿಸಿ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯಲ್ಲಿ ಕೋಚಿಂಗ್ ಡಿಪ್ಲೊಮಾ ಮಾಡಬಹುದು ಎಂದೆ. "ಆಮೇಲೆ?" ಅಂದರು. ಆಮೇಲಿನದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇರಲಿಲ್ಲ. ಏಕೆಂದರೆ ಉತ್ತರ ನಮ್ಮ ಮೈದಾನದಲ್ಲೇ ಕಾಣುತ್ತಿತ್ತು. ನಮಗೆ ಅಂಡರ್‌ಹ್ಯಾಂಡ್ ಕಲಿಸಿದ್ದು ಇಲ್ಲೇ ಓದಿ ಹೋದ ಒಬ್ಬ ಭಾಯ್. ಬೆಳಿಗ್ಗೆಯಿಂದ ಅಂಗಡಿಯಲ್ಲಿ ದುಡಿದು, ಅಸರ್ ನಮಾಜ್ ಮುಗಿಸಿ ಮೈದಾನಕ್ಕೆ ಬರುತ್ತಾರೆ. "ಇದು ಸವಾಬ್‌ನ ಕೆಲಸ" ಎಂದು ನಗುತ್ತಾರೆ. ಅವರ ಸವಾಬ್ ಅವರಿಗೆ ಖಂಡಿತ ಸಿಗಲಿ. ಅದನ್ನು ನೆಪ ಮಾಡಿಕೊಂಡು ನಾವು ಪೆಟ್ರೋಲಿನ ದುಡ್ಡೂ ಕೊಡದೆ ಇರುವುದು ಸರಿಯೇ?

ಪ್ರತಿ ವರ್ಷ ಜೆರ್ಸಿಗೆ, ಟ್ರೋಫಿಗೆ, ಬ್ಯಾನರ್‌ಗೆ ಹಣ ಇಡುತ್ತೇವೆ. ಈ ಬಾರಿ ಕ್ರೀಡಾ ಸಮಿತಿಯ ಸಭೆಯಲ್ಲಿ ಬಜೆಟ್ ಓದುವಾಗ 'ಸಹಾಯಕ ಕೋಚ್ ಗೌರವಧನ' ಎಂಬ ಒಂದು ಸಾಲು ಸೇರಿಸಬೇಕೆಂದು ನಾನು ಕೇಳಲಿದ್ದೇನೆ. ಸಣ್ಣ ಮೊತ್ತವಾದರೂ ಪರವಾಗಿಲ್ಲ. ಬ್ಯಾನರ್ ಒಂದು ಕಡಿಮೆ ಮಾಡಿದರೆ ಸಾಕು. ನನ್ನ ಜೊತೆ ಕೈ ಎತ್ತುವವರು ಇದ್ದರೆ ಮೊದಲೇ ತಿಳಿಸಿ.