ಡ್ರೈವರ್ ಬಿಡಿ, ಪಟರ್ ಹಿಡೀರಿ ⛳

ಗಾಲ್ಫ್ ಅಂದ್ರೆ ಎಲ್ಲರ ಕಣ್ಣೂ ಡ್ರೈವರ್ ಮೇಲೇನೇ. ನನ್ನ ಪ್ರಕಾರ ಅದು ತಪ್ಪು ಲೆಕ್ಕ.

ನಿಯಮದ ಪ್ರಕಾರ ಬ್ಯಾಗಲ್ಲಿ ಹೆಚ್ಚೆಂದರೆ 14 ಕ್ಲಬ್.
🏌️ ಡ್ರೈವರ್: ಮೊದಲ ಉದ್ದದ ಹೊಡೆತಕ್ಕೆ
🏌️ ಐರನ್: ದೂರ ಅಳೆದು ಗ್ರೀನ್ ಮುಟ್ಟಿಸೋಕೆ
🏌️ ವೆಡ್ಜ್: ಮರಳಿಂದ ಎತ್ತಿ ಹಾಕೋಕೆ
🏌️ ಪಟರ್: ಗುಳಿಗೆ ಉರುಳಿಸೋಕೆ

ಬಿಕಾಂನವರೇ, ಲೆಕ್ಕ ಹಾಕಿ. ಪಾರ್ 72. ಅದರಲ್ಲಿ 18 ಗುಳಿಗೂ ತಲಾ 2 ಪಟ್, ಒಟ್ಟು 36. ಅರ್ಧ ಆಟ ಪಟರ್‌ದೇ!

ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಅವರನ್ನೇ ನೋಡಿ. ಟೋಕಿಯೊ ಒಲಿಂಪಿಕ್ಸಲ್ಲಿ ಅವರ ಹೊಡೆತ ಬೇರೆಯವರಷ್ಟು ದೂರ ಹೋಗ್ತಿರಲಿಲ್ಲ. ಆದ್ರೂ 4ನೇ ಸ್ಥಾನ, ಪಟಿಂಗ್ ಬಲದಿಂದ.

ಕಲಿಯೋ ಆಸೆ ಇದ್ರೆ ಸಾಲ ಮಾಡಿ ಫುಲ್ ಸೆಟ್ ತಗೋಬೇಡಿ. 7 ಐರನ್, ಒಂದು ವೆಡ್ಜ್, ಒಂದು ಪಟರ್ ಸಾಕು ಶುರು ಮಾಡೋಕೆ. ಸದ್ದು ಮಾಡೋದು ಡ್ರೈವರ್, ಸ್ಕೋರ್ ಉಳಿಸೋದು ಪಟರ್.

ನೀವೇನಂತೀರಾ? 👇